ಶಾಲು, ಟೋಪಿ, ಗೋಡೆ ಗಡಿಯಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಚುನಾವಣೆ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳೂ ಬದಲಾಗುತ್ತವೆ. ಅತ್ತೆ-ಸೊಸೆ ಜಗಳ, ಪರೀಕ್ಷೆ ಭಯ ಸ್ವಲ್ಪ ಹಿಂದೆ ಸರಿಯುತ್ತವೆ. ಟೋಪಿ, ಶಾಲು, ಕುಕ್ಕರ್ ಮುಂದೆ ಬರುತ್ತವೆ. ನಾನು ಶಿವಮೊಗ್ಗದ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಿದವಳು. ನನ್ನ ತಮ್ಮ ದುರ್ಗಿಗುಡಿಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಹಾಗಾಗಿ ಈ ಸಾಮಾನುಗಳನ್ನು ನಾನು ತಯಾರಾಗುವ ಜಾಗದಿಂದಲೇ ನೋಡಿದ್ದೇನೆ. ಪತ್ರಗಳಲ್ಲಿದ್ದ ಪಕ್ಷಗಳ ಹೆಸರು ತೆಗೆದಿದ್ದೇನೆ. ಯಾವ ಪಕ್ಷವೂ ಬಾಕಿ ಇರಲಿಲ್ಲ.

ನನ್ನ ಮಗ ಡಿಗ್ರಿ ಎರಡನೇ ವರ್ಷ. ರಾಜಕೀಯ ಅಂದರೆ ಆಗುತ್ತಲೇ ಇರಲಿಲ್ಲ. ಸ್ನೇಹಿತರು ಕರೆದರು ಅಂತ ಸುಮ್ನೆ ಒಂದು ಬೈಕ್ ರ‍್ಯಾಲಿಗೆ ಹೋದ. ಟೀ ಶರ್ಟು, ಟೋಪಿ, ಪೆಟ್ರೋಲು ಕೊಟ್ಟರಂತೆ. ಈಗ ಊಟಕ್ಕೆ ಕೂತರೆ ಆ ಪಕ್ಷದ್ದೇ ಮಾತು, ಅವರಪ್ಪನ ಜೊತೆ ಜಗಳ. ಒಂದು ಟೋಪಿಗೆ ಇಷ್ಟು ಶಕ್ತಿ ಇದೆಯಾ?
– ಒಬ್ಬ ತಾಯಿ, ಸಾಗರ

ಇದೆ ತಾಯಿ. ಟೋಪಿಯನ್ನು ನೋಡಿದವರಿಗಿಂತ ಹಾಕಿಕೊಂಡವನ ಮೇಲೆ ಅದರ ಪರಿಣಾಮ ಜಾಸ್ತಿ. ಈ ಸಲ ಬಂದ ಹೆಚ್ಚಿನ ಪತ್ರಗಳಿಗೆ ನಾನು ಹೇಳಬೇಕಾಗಿರುವುದೂ ಇದೇ.

1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಜರ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗ ಇದು. ಅವರು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಮನೆ ಮನೆಗೆ ಜನ ಕಳಿಸಿದರು. ಮನೆ ಮುಂದಿನ ಹುಲ್ಲಿನ ಮೇಲೆ 'ಜೋಪಾನವಾಗಿ ವಾಹನ ಓಡಿಸಿ' ಅನ್ನುವ ದೊಡ್ಡ, ವಿಕಾರವಾದ ಬೋರ್ಡು ನಿಲ್ಲಿಸಬಹುದಾ ಅಂತ ಕೇಳಿಸಿದರು. ನೇರವಾಗಿ ಕೇಳಿದಾಗ ನೂರಕ್ಕೆ ಸುಮಾರು 17 ಮನೆಯವರು ಮಾತ್ರ ಒಪ್ಪಿದರು. ಇನ್ನು ಕೆಲವು ಮನೆಗಳಿಗೆ ಎರಡು ವಾರ ಮುಂಚೆ ಬೇರೆಯವರು ಹೋಗಿದ್ದರು. ಮೂರು ಅಂಗುಲದ ಒಂದು ಪುಟ್ಟ ಫಲಕ ಕೊಟ್ಟು, ಅದನ್ನು ಇಟ್ಟುಕೊಳ್ಳಿ ಅಂದಿದ್ದರು. ಅದರಲ್ಲೂ ಇದೇ ಥರದ ಮಾತು. ಅಷ್ಟು ಚಿಕ್ಕದಕ್ಕೆ ಬೇಡ ಅನ್ನುವವರು ಯಾರು? ಆ ಮನೆಗಳಲ್ಲಿ ನೂರಕ್ಕೆ 76 ಮನೆಯವರು ದೊಡ್ಡ ಬೋರ್ಡಿಗೂ ಹೂಂ ಅಂದರು.

ಆ ಎರಡು ವಾರದಲ್ಲಿ ಯಾರೂ ಬಂದು ಭಾಷಣ ಮಾಡಿರಲಿಲ್ಲ. ಡ್ಯಾರಿಲ್ ಬೆಮ್ ಅನ್ನುವ ಮನಃಶಾಸ್ತ್ರಜ್ಞ ಇದಕ್ಕೆ ಕೊಟ್ಟ ವಿವರಣೆ ನನಗೆ ಸರಿ ಅನಿಸುತ್ತದೆ. ನಾವು ಎಂಥವರು ಅನ್ನುವುದನ್ನು ಎಷ್ಟೋ ಸಲ ನಾವು ಮಾಡಿದ ಕೆಲಸ ನೋಡಿಯೇ ತೀರ್ಮಾನಿಸುತ್ತೇವೆ. ನಿಮ್ಮ ಮಗನೂ ಹಾಗೇ. ಮೊಬೈಲಿನಲ್ಲಿ ತನ್ನ ಫೋಟೊ ನೋಡಿದ, ಸ್ಟೇಟಸ್ ಹಾಕಿದ, ನಾಲ್ಕು ಜನ 'ಏನೋ, ಲೀಡರ್ ಆಗಿಬಿಟ್ಟೆಯಾ' ಅಂದರು. 'ನಾನು ಈ ಕಡೆಯವನೇ ಇರಬೇಕು' ಅನ್ನುವುದು ಅಲ್ಲಿಂದ ಶುರುವಾಯಿತು. ಆಮೇಲೆ ಅಪ್ಪ ಪ್ರಶ್ನೆ ಕೇಳಿದಾಗ ಉತ್ತರ ಹುಡುಕಲೇಬೇಕಾಯಿತು. ಹಾಗೆ ಹುಡುಕಿದ ಉತ್ತರ ಈಗ ಅವನ ಸ್ವಂತ ಅಭಿಪ್ರಾಯ.

ತಮ್ಮನ ಅಂಗಡಿಗೆ ಆರ್ಡರ್ ಕೊಡಲು ಬರುವವರಿಗೆ ಈ ಪ್ರಯೋಗ ಗೊತ್ತಿಲ್ಲ, ಆದರೆ ವಿಷಯ ಗೊತ್ತಿದೆ. ಟೋಪಿಯ ಬಟ್ಟೆ ಎಂಥದ್ದು ಅಂತ ಅವರು ಕೇಳುವುದೇ ಇಲ್ಲ. ಅದು ಪೇಪರಿನಂಥ ತೆಳು ಬಟ್ಟೆ, ಒಂದು ಮಳೆಗೆ ನೆನೆದರೆ ಮುಗಿಯಿತು. ಅವರು ಕೇಳುವುದು ಎರಡೇ: ಬಣ್ಣ ದೂರಕ್ಕೆ ಹೊಡೆಯುತ್ತದಾ, ಚಿಹ್ನೆ ಹಣೆಯ ನೇರಕ್ಕೆ ಬರುತ್ತದಾ. ಚಿಹ್ನೆ ಒಂದಿಂಚು ಮೇಲೆ ಹೋದರೆ ಸೆಲ್ಫಿಯಲ್ಲಿ ಸರಿಯಾಗಿ ಕಾಣುವುದಿಲ್ಲ ಅಂತ ಒಬ್ಬರು ಇಡೀ ಫ್ರೇಮನ್ನೇ ಬದಲಾಯಿಸಿದ್ದನ್ನು ನಾನೇ ಕೂತು ನೋಡಿದ್ದೇನೆ. ಟೋಪಿ ಒಂದು ಮಧ್ಯಾಹ್ನ ಬಾಳಿದರೆ ಅವರಿಗೆ ಸಾಕು. ಫೋಟೊ ಉಳಿಯುತ್ತದಲ್ಲ.

ದಯವಿಟ್ಟು ಮಗನ ಟೋಪಿಯನ್ನು ಆಡಿಕೊಳ್ಳಬೇಡಿ. ಅಪ್ಪನಿಗೂ ಹೇಳಿ. ಆಡಿಕೊಂಡಷ್ಟೂ ಹಠ ಜಾಸ್ತಿಯಾಗುತ್ತದೆ. ಬದಲು, ನಿಮ್ಮೂರಿನ ವಿಷಯ ಕೇಳಿ: 'ಶರಾವತಿ ಮುಳುಗಡೆಯವರ ಹಕ್ಕುಪತ್ರಕ್ಕೆ ನಿಮ್ಮವರು ಏನು ಮಾಡುತ್ತಾರಂತೆ? ಅಡಿಕೆ ಎಲೆಚುಕ್ಕೆ ರೋಗಕ್ಕೆ ಏನು ಹೇಳಿದ್ದಾರೆ?' ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ ಕೇಳಿ. ಅವನು ಹುಡುಕಲಿ. ಹುಡುಕಿದ ಮೇಲೂ ಆ ಪಕ್ಷವೇ ಸರಿ ಅನಿಸಿದರೆ ಅದು ಅವನ ಹಕ್ಕು, ನೀವು ಒಪ್ಪಿಕೊಳ್ಳಬೇಕು.

ಅಭ್ಯರ್ಥಿ ಕಡೆಯವರು ಬಂದು ಅವರ ಫೋಟೊ ಇರುವ ಗೋಡೆ ಗಡಿಯಾರ, ಒಂದು ಕುಕ್ಕರ್ ಕೊಟ್ಟರು. ಹೋಗುವಾಗ ಅಮ್ಮನಿಗೆ ಅರಿಶಿನ-ಕುಂಕುಮ ಕೊಟ್ಟು, ದೇವರ ಫೋಟೊ ಮುಟ್ಟಿಸಿ ಮಾತು ತಗೊಂಡರು. ಅಮ್ಮನಿಗೆ ಬೇರೆಯವರಿಗೆ ವೋಟು ಹಾಕುವ ಮನಸ್ಸಿದೆ. ಆದರೆ 'ತಗೊಂಡು ಹಾಕದಿದ್ದರೆ ದೇವರು ಮೆಚ್ಚುತ್ತಾನಾ' ಅಂತ ನಿದ್ದೆಯೇ ಮಾಡುತ್ತಿಲ್ಲ.
– ಮಗಳು, ಹೊಸನಗರ ತಾಲ್ಲೂಕು

ಈ ಪತ್ರ ಓದಿ ನನಗೆ ತುಂಬಾ ಸಂಕಟವಾಯಿತು. ಅಮ್ಮನಿಗೆ ಇದನ್ನು ಓದಿ ಹೇಳಿ. ಅಮ್ಮಾ, ನಿಮಗೆ ಆಗುತ್ತಿರುವುದು ದಡ್ಡತನ ಅಲ್ಲ, ಒಳ್ಳೆಯತನ. ನಮ್ಮ ಕಡೆ ನಾಟಿಗೆ ಮುಯ್ಯಾಳು ಹೋಗುತ್ತೇವೆ. ಅವರು ನಮ್ಮ ಗದ್ದೆಗೆ ಬಂದರೆ ನಾವು ಅವರ ಗದ್ದೆಗೆ ಹೋಗಲೇಬೇಕು. ಮದುವೆ ಮನೆಯ ಮುಯ್ಯಿಯೂ ಹಾಗೇ. ಹೋಗದಿದ್ದರೆ ಮನಸ್ಸಿಗೆ ಚುಚ್ಚುತ್ತದೆ, ಚುಚ್ಚಲೂ ಬೇಕು. ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಒಂಟಿ ಮನೆಗಳ ಊರು ಬದುಕಿರುವುದೇ ಈ ಗುಣದಿಂದ. ಆ ಗುಣ ಇದೆ ಅಂತ ಗೊತ್ತಿರುವುದರಿಂದಲೇ ಅವರು ಕುಕ್ಕರ್ ತಂದಿದ್ದಾರೆ.

ಅಮೆರಿಕದಲ್ಲಿ ಡೆನಿಸ್ ರೀಗನ್ ಅನ್ನುವವರು ಮಾಡಿದ ಒಂದು ಪ್ರಯೋಗ 1971ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳನ್ನು ಚಿತ್ರಗಳ ಬಗ್ಗೆ ಅಭಿಪ್ರಾಯ ಹೇಳಲು ಕರೆದಿದ್ದರು. ಪಕ್ಕದಲ್ಲಿ ಕೂತ ಹುಡುಗ ಪ್ರಯೋಗದವರ ಕಡೆಯವನೇ. ಮಧ್ಯೆ ಎದ್ದು ಹೋಗಿ ಎರಡು ಕೋಕಾಕೋಲಾ ತಂದ, 'ನಿನಗೂ ಒಂದು ತಂದೆ' ಅಂತ ಕೊಟ್ಟ. ಆಮೇಲೆ ತನ್ನ ಹತ್ತಿರ ಲಾಟರಿ ಟಿಕೆಟ್ ಇದೆ, ಒಂದಿಷ್ಟು ತಗೋ ಅಂದ. ಕೋಕ್ ಕುಡಿದವರು ಕುಡಿಯದವರಿಗಿಂತ ಸುಮಾರು ಎರಡು ಪಟ್ಟು ಟಿಕೆಟ್ ಕೊಂಡರು. ಕೋಕ್ ಕೊಡದಿದ್ದಾಗ, ಅವನನ್ನು ಇಷ್ಟಪಟ್ಟವರು ಜಾಸ್ತಿ ಕೊಂಡರು, ಇಷ್ಟಪಡದವರು ಕಡಿಮೆ ಕೊಂಡರು. ಕೊಟ್ಟಾಗ ಮಾತ್ರ ಅವನು ಇಷ್ಟವೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಬರಲಿಲ್ಲ. ಬೇಡ ಅನಿಸಿದ ಅಭ್ಯರ್ಥಿಗೂ ನಮ್ಮ ಕೈ ವೋಟು ಒತ್ತುವುದು ಹೀಗೆ.

ಆದರೆ ಇದು ಮುಯ್ಯಿ ಅಲ್ಲ ಅಮ್ಮಾ. ಮುಯ್ಯಾಳಿನಲ್ಲಿ ಒಂದು ದಿನದ ಕೆಲಸಕ್ಕೆ ಒಂದು ದಿನದ ಕೆಲಸ. ಇಲ್ಲಿ ಒಂದು ಕುಕ್ಕರಿಗೆ ಐದು ವರ್ಷದ ಅಧಿಕಾರ ಕೇಳುತ್ತಿದ್ದಾರೆ. ಆಣೆಯ ವಿಷಯಕ್ಕೆ ಬಂದರೆ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಬಹಳ ಸ್ಪಷ್ಟ. ವೋಟಿಗಾಗಿ ಉಡುಗೊರೆ ಕೊಡುವುದು ಭ್ರಷ್ಟ ಆಚರಣೆ. ದೇವರು ಮುನಿಯುತ್ತಾನೆ ಅಂತ ಮತದಾರರನ್ನು ನಂಬಿಸುವುದನ್ನೂ ಅದೇ ಸೆಕ್ಷನ್ ಹೆಸರಿಟ್ಟು ತಪ್ಪು ಅನ್ನುತ್ತದೆ. ಕಾನೂನು ಮಾಡಿದವರಿಗೆ ಆಗಲೇ ಈ ಅರಿಶಿನ-ಕುಂಕುಮದ ದಾರಿ ಗೊತ್ತಿತ್ತು. ಹೆದರಿಸಿ, ಮುಜುಗರ ಮಾಡಿ ತಗೊಂಡ ಮಾತು ಮಾತಲ್ಲ. ನೀವು ನಂಬುವ ದೇವರು ಅವರಿಗಿಂತ ನಿಮಗೆ ಹತ್ತಿರದವನು.

ಮಗಳಿಗೆ ಎರಡು ಮಾತು. ವೋಟಿಗಾಗಿ ಕೊಡುವುದರ ಜೊತೆ ತೆಗೆದುಕೊಳ್ಳುವುದೂ ಅಪರಾಧವೇ. ಮುಂದಿನ ಸಲ ಬಾಗಿಲಲ್ಲೇ ಬೇಡ ಅನ್ನಿ. ಹೇಳುವುದು ಕಷ್ಟ ಅಂತ ನನಗೂ ಗೊತ್ತು. 'ನಮ್ಮನೆಯಲ್ಲಿ ಯಾರದ್ದೂ ತಗೊಳ್ಳುವುದಿಲ್ಲ' ಅಂದರೆ ಯಾರಿಗೂ ಬೇಜಾರಿಲ್ಲ. ಚುನಾವಣೆ ಘೋಷಣೆ ಆದ ಮೇಲೆ ಹಂಚುವುದು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಇದೆ. ಫೋಟೊ ಹಾಕಿದರೆ 100 ನಿಮಿಷದೊಳಗೆ ಕ್ರಮ ಆಗಬೇಕು ಅನ್ನುವುದು ಅದರ ನಿಯಮ. ನಿಮ್ಮ ಹೆಸರು ಹೇಳಬೇಕಾಗಿಲ್ಲ.

'ಯಾರು ಯಾರಿಗೆ ಹಾಕಿದರು ಅಂತ ನಮಗೆ ಗೊತ್ತಾಗುತ್ತದೆ' ಅಂತ ಹೆದರಿಸುತ್ತಾರಲ್ಲ, ಅದರಲ್ಲಿ ಸ್ವಲ್ಪ ನಿಜ, ಬಹಳ ಸುಳ್ಳು ಇದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವ ಲೆಕ್ಕ ಹೊರಗೆ ಬರುತ್ತದೆ. ಕೆಲವೇ ನೂರು ವೋಟಿನ ನಮ್ಮ ಬೂತುಗಳಲ್ಲಿ ಆ ಲೆಕ್ಕ ಇಟ್ಟುಕೊಂಡು ಊಹೆ ಮಾಡುತ್ತಾರೆ. ಆದರೆ ನಿಮ್ಮ ಅಮ್ಮನ ವೋಟು ಯಾರಿಗೆ ಅನ್ನುವುದು ಅಮ್ಮನಿಗೆ ಮಾತ್ರ ಗೊತ್ತು. ವೋಟು ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿ ಏಳು ಸೆಕೆಂಡ್ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಅದರಲ್ಲಿ ಅಮ್ಮನ ಹೆಸರಿಲ್ಲ.

ಗಡಿಯಾರವನ್ನು ಮತದಾನದ ದಿನದವರೆಗಾದರೂ ಅಟ್ಟಕ್ಕೆ ಹಾಕಿ. ಟೈಮು ನೋಡಿದಾಗಲೆಲ್ಲ ಅಮ್ಮನಿಗೆ ಆ ಮುಖ ಕಾಣುವುದು ಬೇಡ.

ಫ್ಲೆಕ್ಸು, ಬಾವುಟ, ಬಂಟಿಂಗ್ಸ್ ಅಂತ ಲಕ್ಷಗಟ್ಟಲೆ ಸುರಿಯುತ್ತಾರೆ. ಇದರಿಂದ ನಿಜವಾಗಿ ವೋಟು ಬರುತ್ತದಾ?
– ನಿವೃತ್ತ ಕಾರ್ಮಿಕ, ಭದ್ರಾವತಿ

ಬರುತ್ತದೆ, ಆದರೆ ಅವರು ಅಂದುಕೊಂಡಷ್ಟಲ್ಲ. ಡೊನಾಲ್ಡ್ ಗ್ರೀನ್ ಮತ್ತು ಜೊತೆಯವರು ಅಮೆರಿಕದಲ್ಲಿ ನಾಲ್ಕು ಚುನಾವಣೆಗಳಲ್ಲಿ ಕೆಲವು ಮತಗಟ್ಟೆ ಪ್ರದೇಶಗಳಲ್ಲಿ ಬೋರ್ಡು ಹಾಕಿಸಿ, ಕೆಲವು ಕಡೆ ಬಿಟ್ಟು ಹೋಲಿಸಿದರು. 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ ವ್ಯತ್ಯಾಸ ನೂರಕ್ಕೆ ಎರಡು ವೋಟಿಗಿಂತ ಕಡಿಮೆ. ಜಿದ್ದಾಜಿದ್ದಿ ಇರುವ ಕಡೆ ಅದೂ ದೊಡ್ಡದೇ ಅನ್ನಿ.

ಬೋರ್ಡಿನ ಒಂದು ಕೆಲಸ ಮುಖ ಪರಿಚಯ. ರಾಬರ್ಟ್ ಜಯಾಂಕ್ 1968ರಲ್ಲಿ ತೋರಿಸಿದ್ದು ಇದನ್ನೇ. ಅರ್ಥವೇ ಗೊತ್ತಿಲ್ಲದ ಪದವನ್ನೋ, ಅಪರಿಚಿತ ಮುಖವನ್ನೋ ಮತ್ತೆ ಮತ್ತೆ ತೋರಿಸಿದರೆ ಸಾಕು, ಜನ ಅದನ್ನು ಇಷ್ಟಪಡಲು ಶುರು ಮಾಡುತ್ತಾರೆ. ನಮ್ಮ ಮಲೆನಾಡಿನಲ್ಲಿ ಇದಕ್ಕೆ ಒಂದು ವಿಶೇಷ ಅವಕಾಶ ಇದೆ. ಬೇಸಿಗೆಯಲ್ಲಿ ಚುನಾವಣೆ ಮುಗಿದ ತಕ್ಷಣ ಮಳೆಗಾಲ. ಫ್ಲೆಕ್ಸ್ ಶೀಟು ಯಾರೂ ಬಿಸಾಡುವುದಿಲ್ಲ. ಸೌದೆ ಕೊಟ್ಟಿಗೆಗೆ ಮರೆ, ಗೊಬ್ಬರದ ಮೂಟೆಗೆ ಹೊದಿಕೆ, ಬಚ್ಚಲು ಮನೆಯ ಕಿಟಕಿಗೆ ಪರದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಅಣ್ಣನ ಮನೆಯ ಸೌದೆ ರಾಶಿಯ ಮೇಲೆ ಒಬ್ಬ ಅಭ್ಯರ್ಥಿ ಕೈ ಮುಗಿದುಕೊಂಡು ಇಡೀ ಮಳೆಗಾಲ ಇದ್ದರು. ಬೆಳಿಗ್ಗೆ ನೀರೊಲೆಗೆ ಸೌದೆ ತರಲು ಹೋದವರಿಗೆಲ್ಲ ಅವರ ಮುಖವೇ ಮೊದಲು. ದುಡ್ಡು ಕೊಟ್ಟರೂ ಅಂಥ ಜಾಗ ಸಿಗುವುದಿಲ್ಲ. ಮುಖ ಒಳಗೆ ಮಾಡಿ ಹೊದಿಸಿ, ನೀರು ಅಷ್ಟೇ ತಡೆಯುತ್ತದೆ.

ಇನ್ನೊಂದು ಕೆಲಸ, 'ಎಲ್ಲರೂ ಇವರ ಕಡೆಯೇ ಇದ್ದಾರೆ' ಅನ್ನಿಸುವುದು. 1969ರಲ್ಲಿ ಮಿಲ್‌ಗ್ರಾಮ್ ಮತ್ತು ಜೊತೆಯವರು ನ್ಯೂಯಾರ್ಕಿನ ಫುಟ್‌ಪಾತಿನಲ್ಲಿ ಜನ ನಿಲ್ಲಿಸಿ, ಸುಮ್ನೆ ಮೇಲೆ ಒಂದು ಕಿಟಕಿ ನೋಡಿ ಅಂದರು. ಒಬ್ಬನೇ ನಿಂತು ನೋಡಿದಾಗ ಹೋಗುತ್ತಿದ್ದವರಲ್ಲಿ ನೂರಕ್ಕೆ 4 ಜನ ನಿಂತರು. 15 ಜನ ನೋಡುತ್ತ ನಿಂತಾಗ ನೂರಕ್ಕೆ 40 ಜನ ನಿಂತರು. ಕಿಟಕಿಯಲ್ಲಿ ವಿಶೇಷ ಏನೂ ಇರಲಿಲ್ಲ. ಒಂದೇ ಬಣ್ಣದ ಟೋಪಿಯ ಮೆರವಣಿಗೆ ಬಿ.ಎಚ್. ರಸ್ತೆಯಲ್ಲಿ ಹೋದಾಗ ನಮಗೂ ಹೀಗೇ ಆಗುತ್ತದೆ. ಅದರಲ್ಲಿ ಎಷ್ಟು ಜನ ಈ ಕ್ಷೇತ್ರದವರು, ಎಷ್ಟು ಜನ ದಿನಗೂಲಿಗೆ ಬಂದವರು ಅಂತ ಟೋಪಿ ನೋಡಿ ಹೇಳಲು ಆಗುವುದಿಲ್ಲ, ಅಲ್ವಾ? ಬಣ್ಣ ಎಲ್ಲರನ್ನೂ ಒಂದೇ ಮಾಡುತ್ತದೆ.

ಅಮೆರಿಕದಲ್ಲಿ ಜನ ದುಡ್ಡು ಕೊಟ್ಟು ಪಕ್ಷದ ಟೋಪಿ ಕೊಳ್ಳುತ್ತಾರಂತೆ. ನಮ್ಮಲ್ಲಿ ಪುಕ್ಕಟೆ ಕೊಟ್ಟರೂ ಬಿರಿಯಾನಿ ಕೇಳುತ್ತಾರೆ. ಯಾಕೆ ಈ ವ್ಯತ್ಯಾಸ?
– ಎಂ.ಎ. ವಿದ್ಯಾರ್ಥಿ, ಶಂಕರಘಟ್ಟ

ನಿಜ, ಕೊಳ್ಳುತ್ತಾರೆ. ಡೊನಾಲ್ಡ್ ಟ್ರಂಪ್ ಅವರ ಕೆಂಪು ಟೋಪಿಯನ್ನು ಪ್ರಚಾರ ತಂಡ 25 ಡಾಲರಿಗೆ ಮಾರಿತು. 2008ರಲ್ಲಿ ಒಬಾಮಾ ತಂಡವೂ ಟೀ ಶರ್ಟು, ಬ್ಯಾಡ್ಜು ಮಾರಿತ್ತು. ಅಲ್ಲಿ ಇದು ಹಳೆಯದು. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡಾಗಲೇ ಜನ ಲೋಹದ ಗುಂಡಿಗಳನ್ನು ಅಂಗಿಗೆ ಹಾಕಿಕೊಂಡಿದ್ದರು. ಪಿನ್ನು ಚುಚ್ಚುವ ಬ್ಯಾಡ್ಜು ಜೋರಾಗಿ ಹರಡಿದ್ದು 1896ರ ಚುನಾವಣೆಯಿಂದ. ಪ್ರಚಾರ ತಂಡ ಮಾರುವ ಟೋಪಿಯ ದುಡ್ಡು ಅಲ್ಲಿನ ಕಾನೂನಿನಲ್ಲಿ ದೇಣಿಗೆಯ ಲೆಕ್ಕಕ್ಕೇ ಹೋಗುತ್ತದೆ. ಜೊತೆಗೆ ಕೊಂಡವರ ಹೆಸರು, ವಿಳಾಸ, ಇಮೇಲ್ ಸಿಗುತ್ತದೆ. ಮುಂದಿನ ವಾರ ಇನ್ನೊಂದು ದೇಣಿಗೆ ಕೇಳಲು ದಾರಿ ಆಯಿತು.

ಮುಖ್ಯವಾದದ್ದು ಕೊಂಡವರ ಮನಸ್ಸು. ನಮ್ಮದು ಅಂತ ಆದ ವಸ್ತುವಿಗೆ ನಾವು ಜಾಸ್ತಿ ಬೆಲೆ ಕಟ್ಟುತ್ತೇವೆ. 1990ರಲ್ಲಿ ಕಾನ್‌ಮನ್, ಕ್ನೆಚ್, ಥೇಲರ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು ಮಾರಲು ಹೇಳಿದಾಗ, ಕೊಳ್ಳುವವರು ಹೇಳಿದ ಬೆಲೆಯ ಎರಡು ಪಟ್ಟಿಗಿಂತ ಜಾಸ್ತಿ ಕೇಳಿದರು. ಇನ್ನು ಕೈಯಿಂದ ದುಡ್ಡು ಹಾಕಿ, ಎಲ್ಲರ ಮುಂದೆ ತಲೆಗೆ ಇಟ್ಟುಕೊಂಡ ಟೋಪಿಯನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುತ್ತೀವಾ?

ಆದರೆ ವಿದ್ಯಾರ್ಥಿ ಮಿತ್ರರೇ, 'ನಮ್ಮಲ್ಲಿ ಪುಕ್ಕಟೆ ಕೊಟ್ಟರೂ' ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ನೀವು ಓದುತ್ತಿರುವ ಜಿಲ್ಲೆಯಲ್ಲೇ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಇದ್ದರು. ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹ ಆಗಿದ್ದು 1951ರಲ್ಲಿ. ಮರುವರ್ಷ 1952ರ ಚುನಾವಣೆಯಲ್ಲಿ ಅವರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದರು. ಕೈಯಲ್ಲಿ ಕಾಸಿರಲಿಲ್ಲ. ಮತದಾರರ ಹತ್ತಿರ ಅವರು ಕೇಳುತ್ತಿದ್ದದ್ದು ಒಂದು ವೋಟು, ಒಂದು ನೋಟು. ಗೇಣಿ ಕೊಟ್ಟು ಬಡವಾದ ಜನ, ಅವರು ನೋಟು ಕೊಟ್ಟರು. ಇಂಥ ಯಾವ ಪ್ರಯೋಗವನ್ನೂ ಓದದೆ ಗೋಪಾಲಗೌಡರು ಹಿಡಿದ ದಾರಿ ಇದು. ತನ್ನ ಗಂಟಿನಿಂದ ಒಂದು ರೂಪಾಯಿ ತೆಗೆದು ಕೊಟ್ಟವನು ಆಮೇಲೆ ವೋಟು ಹಾಕದೆ ಇರುತ್ತಾನಾ? ಅಭ್ಯರ್ಥಿ ತನ್ನವನೇ ಆದ. ಗೆದ್ದ ಮೇಲೆ ಎದುರು ನಿಂತು ಲೆಕ್ಕ ಕೇಳುವ ಧೈರ್ಯವೂ ಕೊಟ್ಟವನಿಗೇ ಇರುತ್ತದೆ. ಕುಕ್ಕರ್ ತಗೊಂಡವರು ಲೆಕ್ಕ ಕೇಳಲು ಹೋದರೆ ಸಿಗುವ ಉತ್ತರ ನಮಗೆಲ್ಲ ಗೊತ್ತು. ನನ್ನನ್ನು ಕೇಳಿದರೆ ಈ ಜಿಲ್ಲೆಯ ಅತಿ ಒಳ್ಳೆಯ ಪ್ರಚಾರ ಅದು. ಅದಕ್ಕೆ ಟೋಪಿಯೂ ಬೇಕಾಗಿರಲಿಲ್ಲ.

ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ. ಆದರೂ ಶಾಲಿನ ಬಣ್ಣ ನೋಡಿ ನಮ್ಮೂರು ಎರಡು ಭಾಗ ಆಗಿದೆ. ಒಂದೇ ಮನೆಯವರು ಮಾತಾಡುವುದಿಲ್ಲ.
– ಕೊಪ್ಪ

ಗುಂಪು ಮಾಡಲು ಬಹಳ ಕಡಿಮೆ ಸಾಮಾನು ಸಾಕು. ಹೆನ್ರಿ ತಾಜ್‌ಫೆಲ್ 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಹುಡುಗರಿಗೆ 'ನಿನಗೆ ಇಷ್ಟವಾದ ಚಿತ್ರ ಈ ಕಲಾವಿದನದು, ನೀನು ಈ ಗುಂಪು' ಅಂತ ಹೇಳಿದರು, ಅಷ್ಟೇ. ದುಡ್ಡು ಹಂಚಲು ಹೇಳಿದಾಗ ತಮ್ಮ ಗುಂಪಿಗೆ ಜಾಸ್ತಿ ಕೊಟ್ಟರು. ತಮಗೆ ಅದರಿಂದ ಒಂದು ಕಾಸೂ ಇಲ್ಲ. ಬಣ್ಣದ ಶಾಲು ಇದಕ್ಕಿಂತ ಎಷ್ಟೋ ಗಟ್ಟಿ ಗುರುತು. ಊರ ದೇವಸ್ಥಾನದ ಒಳಗೆ, ಡೈರಿಯಲ್ಲಿ, ಸಾವಿನ ಮನೆಯಲ್ಲಿ ಶಾಲು ಬೇಡ ಅಂತ ಹಿರಿಯರು ಸೇರಿ ಒಂದು ಮಾತು ಮಾಡಿಕೊಳ್ಳಿ. ಬಣ್ಣ ಕಾಣದ ಜಾಗಗಳು ಊರಿಗೆ ಬೇಕು.

ಎಲ್ಲ ಪಕ್ಷದವರೂ ಹಸಿರು ಶಾಲು ಹಾಕಿಕೊಂಡು ಬರುತ್ತಾರೆ. ರೈತ ಚಳವಳಿಯಲ್ಲಿ ಇದ್ದವನು ನಾನು. ನೋಡಿದರೆ ಹೊಟ್ಟೆ ಉರಿಯುತ್ತದೆ. ತಪ್ಪಾ?
– ರೈತ, ಸೊರಬ

ತಪ್ಪಲ್ಲ. ರೈತ ಸಂಘ 1980ರಲ್ಲಿ ಕಟ್ಟಿಕೊಂಡಾಗ ಶಿವಮೊಗ್ಗ ಜಿಲ್ಲೆಯೇ ಅದರ ತವರು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊಫೆಸರ್ ನಂಜುಂಡಸ್ವಾಮಿ ಅವರ ಹೆಸರು ಕೇಳಿಯೇ ನಾವು ಬೆಳೆದವರು. ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಹಳ್ಳಿ ಬಾಗಿಲಿಗೆ ಬೋರ್ಡು ಹಾಕಿದ ಕಾಲ. ಆಗ ಹಸಿರು ಶಾಲು ಹೆಗಲ ಮೇಲಿದೆ ಅಂದರೆ ಲಾಠಿ ತಿನ್ನಲು, ಜೈಲಿಗೆ ಹೋಗಲು ತಯಾರು ಅಂತ ಅರ್ಥ. ಶಾಲಿಗೆ ಬೆಲೆ ಬಂದದ್ದೇ ಅದನ್ನು ಹೊದ್ದವರು ಕೊಟ್ಟ ಬೆಲೆಯಿಂದ. ಆ ನಂಬಿಕೆಯನ್ನು ಬೇರೆಯವರು ಸಾಲ ತಗೊಂಡರು. ಮುಖ್ಯಮಂತ್ರಿಯ ಪ್ರಮಾಣವಚನದ ವೇದಿಕೆಯಲ್ಲೂ ಹಸಿರು ಶಾಲು ಕಂಡಿದ್ದೇವೆ. ಹೊದ್ದವರಿಗೆ ಏನೂ ಖರ್ಚಾಗದಿದ್ದರೆ ಗುರುತು ಏನನ್ನೂ ಹೇಳುವುದಿಲ್ಲ.

ಹೊಟ್ಟೆ ಉರಿದಾಗ ಸುಮ್ಮನಿರಬೇಡಿ. ಶಾಲು ಹೊದ್ದು ಬಂದವರಿಗೆ ಬಗರ್‌ಹುಕುಂ ಅರ್ಜಿ ಏನಾಯಿತು, ಬೆಳೆ ವಿಮೆ ಯಾವಾಗ ಬರುತ್ತದೆ ಅಂತ ಎಲ್ಲರ ಮುಂದೆ ಕೇಳಿ. ಹೊದ್ದುಕೊಂಡ ಮೇಲೆ ಅವರೂ ಅದಕ್ಕೆ ತಕ್ಕ ಹಾಗೆ ಮಾತಾಡಬೇಕಾಗುತ್ತದೆ. ಸಾಗರದ ಆ ಹುಡುಗನ ಮೇಲೆ ಟೋಪಿ ಮಾಡಿದ ಕೆಲಸವನ್ನು ಇವರ ಮೇಲೆ ಶಾಲಿನಿಂದ ನೀವೇ ಮಾಡಿಸಬಹುದು.

ನಮ್ಮ ಶಾಲೆಯ ಮಕ್ಕಳು ಪಕ್ಷದ ಬ್ಯಾಡ್ಜು, ಬಾವುಟ ಹಿಡಿದು ಬರುತ್ತಾರೆ. ಕಿತ್ತುಕೊಳ್ಳಬೇಕಾ?
– ಶಿಕ್ಷಕಿ, ರಿಪ್ಪನ್‌ಪೇಟೆ

ಕಿತ್ತುಕೊಳ್ಳಬೇಡಿ. ಶಾಲೆಯ ಬಾಗಿಲಲ್ಲಿ ಒಂದು ಡಬ್ಬ ಇಡಿ, ಒಳಗೆ ಬರುವಾಗ ಅದರಲ್ಲಿ ಹಾಕಲಿ, ಸಂಜೆ ತಗೊಂಡು ಹೋಗಲಿ. 1951-52ರ ಮೊದಲ ಮಹಾಚುನಾವಣೆಯಲ್ಲಿ ಓದಲು ಬಾರದವರೇ ಜಾಸ್ತಿ ಅಂತ ಜೋಡೆತ್ತು, ಗುಡಿಸಲು ಅಂತ ಚಿಹ್ನೆ ಕೊಟ್ಟಿದ್ದರು. ಸುಲಭದ ಚಿತ್ರ, ಒಮ್ಮೆ ನೋಡಿದರೆ ಮರೆಯದು. ಅಕ್ಷರ ಕಲಿಯುತ್ತಿರುವ ಮಕ್ಕಳನ್ನು ಅದು ಹಿಡಿಯದೆ ಇರುತ್ತದಾ?

ಆದರೆ ಹಂಚಿದವರನ್ನು ಬಿಡಬೇಡಿ. ಪ್ರಚಾರದ ಯಾವ ಕೆಲಸಕ್ಕೂ ಮಕ್ಕಳನ್ನು ಬಳಸಬಾರದು ಅಂತ ಚುನಾವಣಾ ಆಯೋಗ 2024ರ ಫೆಬ್ರವರಿಯಲ್ಲೇ ಪಕ್ಷಗಳಿಗೆ ಹೇಳಿದೆ. ಕರಪತ್ರ ಹಂಚಿಸುವುದು, ಘೋಷಣೆ ಕೂಗಿಸುವುದು, ರ‍್ಯಾಲಿಗೆ ಕರೆದೊಯ್ಯುವುದು ಎಲ್ಲ ಅದರಲ್ಲಿ ಬರುತ್ತದೆ. ಮಕ್ಕಳ ಮುಖ ಕಾಣದ ಹಾಗೆ ಫೋಟೊ ತೆಗೆದು, ದಿನಾಂಕ ಬರೆದು, ಕ್ಷೇತ್ರದ ಚುನಾವಣಾಧಿಕಾರಿಗೆ ಮುಖ್ಯ ಶಿಕ್ಷಕರ ಸಹಿಯೊಂದಿಗೆ ಕೊಡಿ. ಒಬ್ಬರೇ ಹೋಗಬೇಡಿ, ಶಾಲಾಭಿವೃದ್ಧಿ ಸಮಿತಿಯವರನ್ನೂ (ಎಸ್‌ಡಿಎಂಸಿ) ಕರೆದುಕೊಂಡು ಹೋಗಿ. ದೂರು ಎಲ್ಲಿಗೆ ಅಂತ ಗೊತ್ತಾಗದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ, ಹೇಳುತ್ತಾರೆ.